ಹಗ್ಗಕ್ಕೆ ಕೊಟ್ಟ ಭಾರ

೫ ಮೇ ೨೦೨೪
ಉತ್ತರಾಖಂಡ

ಅಪ್ಪಾ,

ನಾನು ಸುಮಂಗಲಾ. ಸುಖವಾಗಿ ತಲುಪಿದ್ದೇನೆ, ಅವ್ವನಿಗೂ ಓದಿ ಹೇಳಿ. ಪರ್ವತ ಏರುವುದನ್ನು ಕಲಿಸುವ ಈ ಸಂಸ್ಥೆಯ ಬಾಗಿಲಲ್ಲೇ ನಮ್ಮೆಲ್ಲರ ಫೋನ್ ಇಸಿದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೋರ್ಸ್ ಮುಗಿಯುವವರೆಗೆ ಕೊಡುವುದಿಲ್ಲವಂತೆ. ಬೇಕಾದರೆ ಪತ್ರ ಬರೆಯಿರಿ ಎಂದಾಗ ಜೊತೆಯ ಹುಡುಗಿಯರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಚಿಕ್ಕವಳಿದ್ದಾಗ ಊರಲ್ಲಿ ಅಜ್ಜಿಯ ಮಡಿಲಲ್ಲಿ ಕೂತು, ನೀವು ದುಡಿಯಲು ಹೋಗಿದ್ದ ಕೊಂಢವಾದಿಂದ ಬರುತ್ತಿದ್ದ ಪತ್ರಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿಯೇ ನಾನು ಕನ್ನಡ ಕಲಿತದ್ದು.

ಹೊರಡುವ ದಿನ ನೀವು ಸ್ಟೇಷನ್ನಿಗೆ ಬರಲಿಲ್ಲ. ಹಿಂದಿನ ದಿನದ ಮಾತು ನಮ್ಮಿಬ್ಬರ ನಡುವೆ ಹಾಗೇ ಉಳಿಯಿತು. "ಹಗ್ಗಾ ಹಿಡ್ಕೊಂಡು ಗುಡ್ಡಾ ಇಳಿಯೂದು ಒಂದು ಆಟ. ಆಟಕ್ಕ ಯಾವನರ ಲೈಸೆನ್ಸ್ ಕೇಳ್ತಾನೇನು?" ಎಂದಿರಿ. ನಾನು ಬ್ಯಾಗು ಎತ್ತಿಕೊಂಡು ಸುಮ್ಮನೆ ಬಂದೆ. ಉತ್ತರ ಈಗ ಕೊಡುತ್ತೇನೆ.

ನಾನೂ ಗೆಳತಿ ಕೇತಕಿಯೂ ಭೋರ್ ಊರು ದಾಟಿದ ಮೇಲೆ ಸಿಗುವ ಆ ಘಟ್ಟದಂಚಿನ ಬಂಡೆಯಿಂದ ಜನರನ್ನು ಹಗ್ಗದಲ್ಲಿ ಇಳಿಸುತ್ತ ಬಂದಿದ್ದೇವಲ್ಲ, ಇಷ್ಟು ವರ್ಷ ಯಾರಿಗೂ ಒಂದು ತರಚು ಗಾಯವೂ ಆಗಿಲ್ಲ. ಆದರೆ ಅದು ನಮ್ಮ ಜಾಣತನವೋ ಅದೃಷ್ಟವೋ ನಮಗೇ ಗೊತ್ತಿಲ್ಲ ಅಪ್ಪಾ. ಈಗ ಸರ್ಕಾರ, ಇಂಥ ಸಾಹಸ ಪ್ರವಾಸ ನಡೆಸುವವರೆಲ್ಲ ನೋಂದಣಿ ಮಾಡಿಸಬೇಕು ಎಂದಿದೆ. ಮುಖ್ಯ ಗೈಡ್ ಆದವರು ಸರಿಯಾದ ಕಡೆ ತರಬೇತಿ ಪಡೆದಿರಬೇಕು. ಹಗ್ಗ, ಬೆಲ್ಟು, ಕೊಕ್ಕೆ ಎಲ್ಲವನ್ನೂ ತಜ್ಞರು ಬಂದು ನೋಡುತ್ತಾರೆ. ಕೇತಕಿಗೆ ಎಳೆಗೂಸಿದೆ. ಅದಕ್ಕೇ ನಾನು ಬಂದೆ. ಜೂನ್ ಕೊನೆಯವರೆಗೆ ಎರಡು ಕೋರ್ಸ್, ಒಂದರ ಬೆನ್ನಿಗೆ ಇನ್ನೊಂದು.

ಇವತ್ತು ಬೆಳಿಗ್ಗೆ ಶಿಕ್ಷಕರು ದೂರಕ್ಕೆ ಬೆರಳು ತೋರಿಸಿ, ನೀವು ಹೋಗಬೇಕಾದ ಹಿಮಶಿಖರ ಅದೇ ಎಂದರು. ನಾನು ಮೋಡದ ಕೆಳಗೆ ಹುಡುಕಿದೆ. ಕಾಣಲಿಲ್ಲ. ಅವರು ನನ್ನ ಗದ್ದ ಹಿಡಿದು ಮುಖವನ್ನು ಇನ್ನೂ ಮೇಲಕ್ಕೆ ಎತ್ತಿದರು. ಮೋಡವೆಲ್ಲ ಮುಗಿದು, ಇನ್ನು ಬರೀ ಆಕಾಶ ಎಂದುಕೊಂಡಿದ್ದ ಜಾಗದಲ್ಲಿ ಅದು ನಿಂತಿತ್ತು. ನಮ್ಮೂರು ಶಹಾಪುರದ ಗುಡ್ಡವನ್ನೇ ದೊಡ್ಡದೆಂದುಕೊಂಡು ಬೆಳೆದವಳು ನಾನು. ಬಾಯಿ ತೆರೆದದ್ದು ಮುಚ್ಚಲು ಮರೆತುಹೋಯಿತು.

ಸುಮಂಗಲಾ


೧೪ ಮೇ ೨೦೨೪
ಕೊಂಢವಾ

ಮಗಳೆ,

ನಿನ್ನ ಪತ್ರ ಬಂತು. ಅವ್ವನಿಗೆ ಎರಡು ಸಲ ಓದಿ ಹೇಳಿದೆ. "ಗದ್ದಾ ಹಿಡದು ಎತ್ತಿದ್ನಾ? ಯಾವನವ?" ಎಂದು ಕೇಳಿದಳು. ಶಿಕ್ಷಕ, ನನಗಿಂತ ವಯಸ್ಸಾದವನು ಎಂದು ನಾನೇ ಹೇಳಿ ಸಮಾಧಾನ ಮಾಡಿದ್ದೇನೆ. ಸುಳ್ಳಾಗಿದ್ದರೆ ನೀನೇ ನೋಡಿಕೋ.

ಸ್ಟೇಷನ್ನಿಗೆ ಬರದಿದ್ದದ್ದು ಕೋಪಕ್ಕಲ್ಲ. ಅವತ್ತು ಸ್ಲ್ಯಾಬ್ ಹಾಕುವುದಿತ್ತು. ಕಟ್ಟಡದ ಹೊರಗೆ ಪರಾಂಚಿ ಅಟ್ಟಣಿಗೆ ಕಟ್ಟುವವರನ್ನು ನಡೆಸುವ ಮುಕಾದಮ ನಾನೇ ಇಲ್ಲದಿದ್ದರೆ ಆ ಬಿದಿರು, ಆ ಪೈಪುಗಳ ಮೇಲೆ ಯಾರು ಕಾಲಿಡುತ್ತಾರೆ?

ಇಲ್ಲಿ ಬಿಸಿಲು ವಿಪರೀತ. ಮಧ್ಯಾಹ್ನ ಕಬ್ಬಿಣದ ಪೈಪು ಮುಟ್ಟುವ ಹಾಗಿಲ್ಲ. ಉಳಿದದ್ದೆಲ್ಲ ಸರಿಯಾಗಿದೆ. ನಿನ್ನ ಈರಣ್ಣ ಕಾಕಾನಿಗೆ ಮೈ ನೆಟ್ಟಗಿಲ್ಲ, ಕೆಲಸಕ್ಕೆ ಬರುತ್ತಿಲ್ಲ. ಆಮೇಲೆ ಊರಿಗೆ ಹೋಗುತ್ತಾನೆ.

ನಿನ್ನನ್ನು ಕೆಲವು ಕೇಳಬೇಕಾಗಿದೆ. ನಿಮ್ಮ ಬೆಲ್ಟು ಸೊಂಟಕ್ಕೆ ಮಾತ್ರ ಇರುತ್ತದೋ ತೊಡೆಗೂ ಬರುತ್ತದೋ? ಕಾಲು ಜಾರಿದರೆ ಮನುಷ್ಯ ಎಷ್ಟು ಹೊತ್ತು ಅದರಲ್ಲಿ ಜೋತಾಡಬಹುದು? ಎಲ್ಲಕ್ಕಿಂತ ಮುಖ್ಯವಾದದ್ದು, ಆ ಬೆಲ್ಟಿನ ಕೊಕ್ಕೆಯನ್ನು ಎಲ್ಲಿಗೆ ಹಾಕುತ್ತಾರೆ? ಹತ್ತಿರ ಯಾವುದು ಸಿಗುತ್ತದೋ ಅದಕ್ಕೆ ಹಾಕಿದರೆ ಆಗುವುದಿಲ್ಲವೇ?

ಹೊಟ್ಟೆ ತುಂಬ ಉಣ್ಣು. ಥಂಡಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೋ ಎಂದು ಅವ್ವ ಹೇಳಿದ್ದಾಳೆ.

ನಿನ್ನ ಅಪ್ಪ
ಧರ್ಮಣ್ಣ


೨೩ ಮೇ ೨೦೨೪
ಹಿಮನದಿಯ ಪಕ್ಕದ ಶಿಬಿರ

ಅಪ್ಪಾ,

ಸಾಮಾನು ಹೊತ್ತು ಬರುವವರ ಜೊತೆ ನಿಮ್ಮ ಪತ್ರ ಇಷ್ಟು ಮೇಲಕ್ಕೆ ಬಂತು! ಡೇರೆಯ ಹೊರಗೆ ನಿಂತೇ ಓದಿದೆ. ನನ್ನ ಆಟದ ಬಗ್ಗೆ ನೀವು ಮೊದಲ ಸಲ ಒಂದು ಪ್ರಶ್ನೆ ಕೇಳಿದ್ದೀರಿ, ಅದೂ ಒಂದಲ್ಲ, ಮೂರು. ನನಗಾದ ಸಂತೋಷ ಹೇಗೆ ಹೇಳಲಿ. ನನ್ನ ಕೆಲಸ ನಿಮಗೆ ಕೊನೆಗೂ ಕೆಲಸವಾಗಿ ಕಂಡಿತು.

ಬೆಲ್ಟು ತೊಡೆಗೂ ಬರಬೇಕು. ಬರೀ ಸೊಂಟಕ್ಕಿದ್ದರೆ ಬಿದ್ದಾಗ ಪಕ್ಕೆಲುಬು ಹಿಂಡಿ ಉಸಿರು ಕಟ್ಟುತ್ತದೆ. ನಾವು ತೊಡುವುದರಲ್ಲಿ ಕುರ್ಚಿಯಲ್ಲಿ ಕೂತ ಹಾಗೆ ಇರಬಹುದು. ಹಾಗಿದ್ದರೂ ಎಚ್ಚರ ತಪ್ಪಿದವನನ್ನು ಬಹಳ ಹೊತ್ತು ಜೋತಾಡಿಸಬಾರದು. ಬೇಗ ಇಳಿಸಿಕೊಳ್ಳುವ ದಾರಿ ಮೊದಲೇ ಗೊತ್ತಿರಬೇಕು.

ಇನ್ನು ಕೊಕ್ಕೆ. ಇಲ್ಲಿ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಬೈಗುಳ. ನಾನು ಒಂದು ದಿನ ನಾನು ನಿಂತಿದ್ದ ಬಂಡೆಗೇ ಹಗ್ಗ ಬಿಗಿದೆ. ಶಿಕ್ಷಕರು ಬಂದು ಆ ಬಂಡೆಗೆ ಒಂದು ಒದೆ ಕೊಟ್ಟರು. ಅದು ಅಲ್ಲಾಡಿತು! "ನೀನು ಯಾವುದರ ಮೇಲೆ ನಿಂತಿದ್ದೀಯೋ ಅದಕ್ಕೆ ಯಾವತ್ತೂ ಕಟ್ಟಬೇಡ. ಅದು ಬಿದ್ದರೆ ನಿನ್ನನ್ನೂ ಕರೆದುಕೊಂಡು ಹೋಗುತ್ತದೆ. ನೀನು ಬಿದ್ದರೂ, ನಿನ್ನ ಕಾಲ ಕೆಳಗಿನದು ಬಿದ್ದರೂ, ಬೀಳದೆ ನಿಲ್ಲುವಂಥದ್ದಕ್ಕೆ ಕಟ್ಟು" ಎಂದರು. ಒಂದು ಹಗ್ಗದಲ್ಲಿ ಇಳಿಯುವುದು, ಇನ್ನೊಂದು ಹಗ್ಗ ಕಾಯುವುದು. ಎರಡಕ್ಕೂ ಬೇರೆ ಬೇರೆ ಆಧಾರ.

ನನ್ನ ಆರೋಗ್ಯ ಚೆನ್ನಾಗಿದೆ. ಚಿಂತೆ ಬೇಡ.

ಇಲ್ಲಿ ನೋಡಿದ್ದನ್ನು ಹೇಳಲು ಪದ ಸಾಲದು ಅಪ್ಪಾ. ಹಿಮ ಬಿಳಿ ಎಂದುಕೊಂಡಿದ್ದೆ. ಬೆಳಿಗ್ಗೆ ಅದು ಹಾಲಿನ ಕೆನೆಯ ಬಣ್ಣ, ಮಧ್ಯಾಹ್ನ ಕಣ್ಣು ಕುಕ್ಕುವ ಬೆಳ್ಳಿ, ಸಂಜೆ ಸುಲಿದ ಈರುಳ್ಳಿಯ ನಸುಗೆಂಪು. ಹಿಮನದಿಯಲ್ಲೊಂದು ಬಿರುಕಿದೆ. ಹಗ್ಗ ಕಟ್ಟಿಕೊಂಡು ಅದರ ಅಂಚಿಗೆ ಬೋರಲು ಮಲಗಿ ಒಳಗೆ ಇಣುಕಿದೆ. ಒಳಗೆ ನೀಲಿ. ಯಾವ ಸೀರೆಯಲ್ಲೂ, ಯಾವ ಹೂವಿನಲ್ಲೂ ಕಾಣದ ನೀಲಿ. ಕೆಳಕ್ಕೆ ಹೋದಷ್ಟೂ ಗಾಢ, ತಳವೇ ಇಲ್ಲ. ಅದರೊಳಗಿನಿಂದ ಆಗಾಗ ಒಂದು ಸದ್ದು ಬರುತ್ತದೆ, ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ನದಿ ನಡೆಯುತ್ತಿದೆ ಎಂದರು ಶಿಕ್ಷಕರು. ಇಷ್ಟು ದೊಡ್ಡ ಮಂಜುಗಡ್ಡೆ ನಡೆಯುತ್ತದೆ, ನಮ್ಮನ್ನು ಬೆನ್ನ ಮೇಲೆ ಕೂರಿಸಿಕೊಂಡೇ!

ನಿಮ್ಮನ್ನು ಇಲ್ಲಿಗೆ ಕರೆತರಬೇಕು ಎನ್ನಿಸಿತು.

ಸುಮಂಗಲಾ


೧ ಜೂನ್ ೨೦೨೪
ಕೊಂಢವಾ

ಸುಮಾ,

ನಿನ್ನ ಪತ್ರವನ್ನು ಈ ಸಲ ಅವ್ವನಿಗೆ ಪೂರ್ತಿ ಓದಿ ಹೇಳಲು ಆಗಲಿಲ್ಲ. ಕೊಕ್ಕೆಯ ವಿಷಯ ಬಂದ ಕೂಡಲೇ ಕಾಗದ ಮಡಚಿಟ್ಟೆ.

ನೀನು ದೂರದಲ್ಲಿದ್ದೀ, ಎತ್ತರದ ಮೇಲಿದ್ದೀ, ಕೇಳಿದರೆ ಹೆಜ್ಜೆ ತಪ್ಪೀತು ಎಂದು ನಿನಗೆ ಹೇಳಿರಲಿಲ್ಲ. ಈರಣ್ಣನಿಗೆ ಆದದ್ದು ಕಾಯಿಲೆಯಲ್ಲ. ಅವನು ಬಿದ್ದ. ನೀನು ಹೋದ ಎರಡು ದಿನಕ್ಕೆ. ನಾಲ್ಕನೇ ಅಂತಸ್ತಿನ ಹೊರಗಡೆ ಪರಾಂಚಿ ಬಿಚ್ಚುತ್ತಿದ್ದ. ಸೊಂಟಕ್ಕೆ ಬೆಲ್ಟು ಇತ್ತು, ಕೊಕ್ಕೆಯೂ ಹಾಕಿದ್ದ. ನಾನೇ ಕೆಳಗಿನಿಂದ ನೋಡಿ, "ಈರಣ್ಣಾ, ಕೊಕ್ಕಿ ಹಾಕೀದಿ ಹೌದಿಲ್ಲೋ?" ಎಂದು ಕೂಗಿದೆ. "ಹಾಕೀನಿ ಅಣ್ಣಾ" ಎಂದ. ತಾನು ನಿಂತಿದ್ದ ಪೈಪಿಗೇ ಹಾಕಿದ್ದ. ಆ ಪೈಪು ಬಂತು, ಅದರ ಜೊತೆ ಅವನೂ ಬಂದ.

ಕೆಳಗೆ ಮರಳಿನ ರಾಶಿ ಇತ್ತು. ಜೀವ ಉಳಿಯಿತು. ಎರಡೂ ಕಾಲು, ಸೊಂಟ ಮುರಿದಿವೆ. ಆಸ್ಪತ್ರೆಯಲ್ಲಿ ಕಬ್ಬಿಣ ಹಾಕಿ ಜೋಡಿಸಿದ್ದಾರೆ. ಮುಂದಿನ ವಾರ ಊರಿಗೆ ಕಳಿಸುತ್ತೇವೆ. ಕೋಲು ಹಿಡಿದು ನಡೆಯಬಹುದು ಎಂದಿದ್ದಾರೆ ಡಾಕ್ಟರು. ಮೇಲೆ ಏರುವುದು ಮಾತ್ರ ಮುಗಿಯಿತು.

ಅದಕ್ಕೇ ನಿನ್ನನ್ನು ಆ ಮೂರು ಮಾತು ಕೇಳಿದ್ದು. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಲ್ಟು ಕೊಟ್ಟವರು ಬೆಲ್ಟು ಕೊಟ್ಟು ಹೋದರು. ಎಲ್ಲಿಗೆ ಕಟ್ಟಬೇಕು ಎಂದು ಒಬ್ಬರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ನಿನ್ನ ಪತ್ರ ಓದಿ ಒಂದು ವಿಚಾರ ತಲೆಯಲ್ಲಿ ಕೂತಿದೆ. ರವಿವಾರ ಸಂತೋಷಕ್ಕೆಂದು ಬೆಟ್ಟಕ್ಕೆ ಬರುವವರಿಗೆ ಎರಡು ಹಗ್ಗ, ಎರಡು ಆಧಾರ, ಕಲಿತುಬಂದ ಗೈಡು, ಮೇಲೆ ಪರೀಕ್ಷೆ ಮಾಡುವ ತಜ್ಞರು. ದಿನಾ ಏರುವ ನಮಗೆ? ಸಿಟ್ಟಿನಿಂದ ಬರೆಯುತ್ತಿಲ್ಲ ಮಗಳೆ. ಆಶ್ಚರ್ಯದಿಂದ ಬರೆಯುತ್ತಿದ್ದೇನೆ. ಒಬ್ಬ ಮನುಷ್ಯನನ್ನು ಬೀಳದಂತೆ ಹಿಡಿಯುವುದಕ್ಕೆ ಇಷ್ಟೊಂದು ವಿದ್ಯೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆ ನೀಲಿಯ ವಿಷಯ ಆಮೇಲೆ ಓದಿದೆ. ಅವ್ವ ಕಣ್ಣು ಒರೆಸಿಕೊಂಡು, "ಅದನ್ನ ಇನ್ನೊಮ್ಮಿ ಓದ್ರಿ" ಎಂದಳು.

ಅಪ್ಪ


೧೨ ಜೂನ್ ೨೦೨೪
ಉತ್ತರಾಖಂಡ

ಅಪ್ಪಾ,

ನನ್ನ ಆಟದ ಮೇಲೆ ನಿಮಗೆ ಪ್ರೀತಿ ಬಂತು ಎಂದು ತಿಳಿದು ಹಿಗ್ಗಿದ್ದೆ. ನೀವು ಆಸ್ಪತ್ರೆಯ ಬಾಗಿಲಲ್ಲಿ ಕೂತು ಬರೆದಿದ್ದಿರಿ. ಈರಣ್ಣ ಕಾಕಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೊಂಢವಾದ ಗಣಪತಿ ತೋರಿಸಿದವರು. ಇಲ್ಲಿ ಯಾರಿಗೂ ಹೇಳಿಕೊಳ್ಳದೆ ಅತ್ತೆ.

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಆರೋಗ್ಯ ಚೆನ್ನಾಗಿದೆ ಎಂದು ಬರೆದ ದಿನ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಎತ್ತರದ ಗಾಳಿ ಒಗ್ಗದೆ ಕೆಳಗಿನ ಶಿಬಿರಕ್ಕೆ ಇಳಿಸಿದರು. ಶಿಖರಕ್ಕೆ ಹೋದವರಲ್ಲಿ ನಾನಿರಲಿಲ್ಲ. "ಇಳಿ ಎಂದಾಗ ಇಳಿದೆಯಲ್ಲ, ಪಾಸಾಗಲು ಅದೂ ಬೇಕು" ಎಂದರು ಶಿಕ್ಷಕರು. ಈಗ ಹುಷಾರಾಗಿದ್ದೇನೆ. ಇದು ನಿಜ.

ನೀವು ಇನ್ನು ಮೇಲೆ ಏರಬೇಡಿ ಅಪ್ಪಾ. ನಾನು ದುಡಿಯುತ್ತೇನೆ. ಕೆಳಗೇ ಇರಿ.

ಸುಮಂಗಲಾ


೧೯ ನವೆಂಬರ್ ೨೦೨೪
ಕೊಂಢವಾ

ಅಪ್ಪಾ,

ಫೋನಿನಲ್ಲಿ ನೀವು "ಹೂಂ, ಊಟಾತು, ಇಡ್ತೀನಿ" ಎನ್ನುವುದಕ್ಕಿಂತ ಮುಂದೆ ಹೋಗುವುದಿಲ್ಲ. ಅದಕ್ಕೇ ಮತ್ತೆ ಕಾಗದ ಹಿಡಿದಿದ್ದೇನೆ.

ನಾನು ಮನೆಗೆ ಬಂದ ಮೇಲೆ ನಮ್ಮ ನಡುವೆ ಏರಬೇಡಿ, ಏರುತ್ತೇನೆ ಎಂಬ ಜಗಳವೇ ಆಯಿತು. ನೀವು ಬಾರಾಮತಿಗೆ, ಸಕ್ಕರೆ ಗೋದಾಮಿನ ಮಾಡು ಕಟ್ಟುವ ಕೆಲಸಕ್ಕೆ ಹೋಗಿಯೇಬಿಟ್ಟಿರಿ. ಇರಲಿ, ಈ ಪತ್ರ ಅದಕ್ಕಲ್ಲ.

ಡಿಸೆಂಬರ್ ಎಂಟಕ್ಕೆ ನಮ್ಮ ಬಂಡೆಗೆ ಪರಿಶೀಲಕರು ಬರುತ್ತಾರೆ. ಎಂದೂ ಹಗ್ಗದಲ್ಲಿ ಇಳಿಯದ ಒಬ್ಬರನ್ನು ನಾವು ಅವರ ಎದುರಿಗೆ ಇಳಿಸಿ ತೋರಿಸಬೇಕು. ಕೇತಕಿ ತನ್ನ ಗಂಡನ ಗೆಳೆಯರಲ್ಲಿ ಯಾರನ್ನಾದರೂ ಕರೆಯೋಣ ಎಂದಳು. ನಾನು ನಿಮ್ಮ ಹೆಸರು ಹೇಳಿದೆ.

ಬರುತ್ತೀರಾ?

ಸುಮಂಗಲಾ


೨೬ ನವೆಂಬರ್ ೨೦೨೪
ಬಾರಾಮತಿ

ಸುಮಾ,

ಬರುತ್ತೇನೆ. ಎತ್ತರ ಎಂದರೆ ಹೆದರದವನೇ ಬೇಕು ಎಂದು ನನ್ನನ್ನು ಕರೆದಿದ್ದೀ, ತಿಳಿಯಿತು. ನಿನ್ನ ಮಾನ ಕಳೆಯುವುದಿಲ್ಲ. ಹೊಸ ಅಂಗಿ ಹಾಕಿಕೊಂಡು ಬರಲೋ, ಹಳೆಯದು ನಡೆಯುತ್ತದೋ?

ಅಪ್ಪ


೧೭ ಡಿಸೆಂಬರ್ ೨೦೨೪
ಕೊಂಢವಾ

ಅಪ್ಪಾ,

ಅವತ್ತು ಕೆಳಗೆ ಇಳಿದ ಮೇಲೆ ನೀವು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ಬೆಲ್ಟು ಬಿಚ್ಚಿ ಕೇತಕಿಯ ಕೈಗೆ ಕೊಟ್ಟು, ಚಹಾ ಕೂಡ ಕುಡಿಯದೆ ಭೋರಿನ ಬಸ್ಸು ಹತ್ತಿದಿರಿ. ನನ್ನ ಮೇಲೆ ಬೇಸರವಾಗಿರಬೇಕು. ಎಲ್ಲರೆದುರು ನಿಮ್ಮನ್ನು ಅಪರಿಚಿತರ ಹಾಗೆ ವಿಚಾರಿಸಿದೆ. ಎದೆನೋವು ಇದೆಯಾ, ಇವತ್ತು ಕುಡಿದಿದ್ದೀರಾ ಎಂದೆಲ್ಲ ಕೇಳಿದೆ. "ಬೆಲ್ಟ್ ನಾನಽ ಹಾಕ್ಕೋತೀನಿ" ಎಂದಾಗ ಬಿಡದೆ ಪ್ರತಿ ಬಕಲ್ಲನ್ನೂ ಎಳೆದು ನೋಡಿದೆ. ನಿಯಮ ಯಾರಿಗಾದರೂ ನಿಯಮವೇ. ಆದರೂ ನಿಮ್ಮ ಮುಖ ಕೆಂಪಾದದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಒಂದು ಸತ್ಯ ಹೇಳುತ್ತೇನೆ. ನೀವು ಹೆದರದವರೆಂದು ನಾನು ಕರೆಯಲಿಲ್ಲ. ಆ ಅಂಚಿನಲ್ಲಿ ನಿಂತರೆ ನಿಮಗೂ ಹೆದರಿಕೆಯಾಗಲಿ, ಏರುವ ಕೆಲಸ ಬಿಡುವಂತಾಗಲಿ ಎಂದೇ ಕರೆದೆ.

ಪರಿಶೀಲಕರ ಪತ್ರ ಬಂದಿದೆ. ಹಗ್ಗದ ಕೆಲಸ ಒಪ್ಪಿದ್ದಾರೆ, ನೋಂದಣಿ ತಡೆದಿದ್ದಾರೆ. ಬಂಡೆಯ ಬುಡದಲ್ಲಿ ಯಾರಿಗಾದರೂ ಪೆಟ್ಟಾದರೆ ಸ್ಟ್ರೆಚರಿನಲ್ಲಿ ರಸ್ತೆಗೆ ಹೊತ್ತು ತರಲು ದಾರಿ ಎಲ್ಲಿದೆ ಎಂದು ಕೇಳಿದ್ದಾರೆ. ಇಷ್ಟು ವರ್ಷ ಜನರನ್ನು ಇಳಿಸಿದೆವು, ಎತ್ತಿ ತರುವುದನ್ನು ಯೋಚಿಸಿಯೇ ಇರಲಿಲ್ಲ. ಬೇಸರವಾಗಲಿಲ್ಲ ಅಪ್ಪಾ, ಮೈ ಜುಮ್ಮೆಂದಿತು. ಈಗ ಕೆಳಗಿನ ವಾಡಿಯ ಹಳ್ಳಿಗರ ಜೊತೆ ಪೊದೆ ಕಡಿದು ಕಾಲುದಾರಿ ಮಾಡುತ್ತಿದ್ದೇವೆ. ಜನವರಿಯಲ್ಲಿ ಮತ್ತೆ ಬಂದು ನೋಡುತ್ತಾರೆ.

ಎರಡು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಸುಮಂಗಲಾ


೨೪ ಜನವರಿ ೨೦೨೫
ಬಾರಾಮತಿ

ಮಗಳೆ,

ಲೈಸೆನ್ಸ್ ಬಂತೆಂದು ಅವ್ವ ಫೋನಿನಲ್ಲಿ ಹೇಳಿದಳು. ಪಕ್ಕದ ಮನೆಯವರಿಗೆಲ್ಲ ಸಕ್ಕರೆ ಹಂಚಿದಳಂತೆ. ಆ ಸಕ್ಕರೆ ನಾನು ಇಲ್ಲಿಂದ ಕಳಿಸಿದ್ದೇ ಇರಬೇಕು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಬೇಸರದಿಂದ ಸುಮ್ಮನಿದ್ದೆ ಎಂದುಕೊಂಡೆಯಾ? ಅವತ್ತು ಬಾಯಿ ತೆರೆದಿದ್ದರೆ ಏನು ಬರುತ್ತಿತ್ತೋ ನನಗೇ ಗೊತ್ತಿರಲಿಲ್ಲ. ಆ ತಜ್ಞರ ಎದುರು ಅತ್ತುಬಿಟ್ಟೇನೆಂದು ಓಡಿ ಬಸ್ಸು ಹಿಡಿದೆ.

ಹೆದರಿಸಬೇಕೆಂದು ಕರೆದೆಯಲ್ಲ, ಹೆದರಿದೆ. ಸುಳ್ಳು ಹೇಳಲಾರೆ. ಮೂರು ಬೆರಳಗಲದ ಪೈಪಿನ ಮೇಲೆ ಬೀಡಿ ಹಚ್ಚಿಕೊಂಡು ನಿಂತವನು ನಾನು. ಅಂಥವನು ಬಂಡೆಯ ಅಂಚಿಗೆ ಬೆನ್ನು ಮಾಡಿ ನಿಂತಾಗ ಎರಡೂ ಕೈಯಿಂದ ಹಗ್ಗವನ್ನು ಅಪ್ಪಿ ಹಿಡಿದುಕೊಂಡೆ. ನೀನು ಎದುರಿಗೆ ಕೂತು ಎರಡನೇ ಹಗ್ಗ ಹಿಡಿದಿದ್ದೆ. "ಅಪ್ಪಾ, ಹಿಂದಕ್ಕ ಒರಗ್ರಿ" ಎಂದೆ.

"ಒರಗೀನಲ್ಲ!" ಎಂದೆ ನಾನು.

"ಇಲ್ರಿ, ಇನ್ನಾ ನಿಂತೇ ಇದ್ದೀರಿ. ಭಾರ ಎಲ್ಲಾ ಕಾಲ ಮ್ಯಾಲ ಅದ. ಹಗ್ಗಕ್ಕ ಕೊಡ್ರಿ."

ಅದು ನನಗೆ ಗೊತ್ತಿರಲಿಲ್ಲ ನೋಡು. ನಿಲ್ಲುವುದು ಗೊತ್ತು, ಒರಗುವುದು ಗೊತ್ತಿಲ್ಲ. ಹದಿನೇಳನೇ ವಯಸ್ಸಿಗೆ ಪರಾಂಚಿ ಏರಿದಂದಿನಿಂದ ನನ್ನ ಭಾರ ನಾನೇ ಹೊತ್ತಿದ್ದೇನೆ, ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ನಿನ್ನ ಕೈ ನೋಡಿದೆ. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ನನ್ನ ಬೆರಳು ಹಿಡಿಯುತ್ತಿದ್ದ ಕೈ. ಅದು ಅಲ್ಲಾಡುತ್ತಿರಲಿಲ್ಲ. ಕಣ್ಣು ಮುಚ್ಚಿ ಒರಗಿದೆ. ಹಗ್ಗ ಬಿಗಿಯಾಯಿತು. ಬೆಲ್ಟು ತೊಡೆಯ ಕೆಳಗೆ ಬಂದು ನನ್ನನ್ನು ಎತ್ತಿಕೊಂಡಿತು. ಬೀಳಲಿಲ್ಲ ಸುಮಾ. ನಾನು ಬೀಳಲಿಲ್ಲ.

ಕಣ್ಣು ತೆರೆದು ಪಕ್ಕಕ್ಕೆ ನೋಡಿದೆ. ಕೊಂಕಣವೆಲ್ಲ ಕೆಳಗೆ ಬಿದ್ದುಕೊಂಡಿತ್ತು. ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು, ಕೊನೆಯದು ಗುಡ್ಡವೋ ಹೊಗೆಯೋ ತಿಳಿಯದ ಹಾಗೆ. ನನ್ನ ಕಾಲ ಕೆಳಗಡೆ ಒಂದು ಹದ್ದು ರೆಕ್ಕೆ ಬಡಿಯದೆ ತೇಲುತ್ತ ಹೋಯಿತು. ಅದರ ಬೆನ್ನು ಕಂಡಿತು. ಬೆನ್ನಿನ ಮೇಲೆ ಬಿಸಿಲು ಬಿದ್ದು ಗರಿಗಳು ಹೊಸ ತಾಮ್ರದ ಕೊಡದ ಹಾಗೆ ಮಿಂಚಿದವು. ನಾನು ಇಷ್ಟು ಎತ್ತರದಲ್ಲಿ ಬಾಳಿದವನು, ಇಂಥದೆಲ್ಲ ಎಷ್ಟು ಸಲ ನನ್ನ ಪಕ್ಕದಲ್ಲೇ ಹಾದುಹೋಗಿರಬೇಕು! ಮೇಲಿದ್ದಷ್ಟು ಹೊತ್ತೂ ಕೈ ಎಲ್ಲಿ, ಕಾಲು ಎಲ್ಲಿ ಎಂದು ಅಷ್ಟೇ ನೋಡಿದ್ದೇನೆ. ಬೇರೆ ಏನನ್ನಾದರೂ ನೋಡಿದವನು ಉಳಿಯುತ್ತಿರಲಿಲ್ಲ.

ಇದನ್ನು ನಿನಗೆ ಅಲ್ಲೇ ಹೇಳಬೇಕಿತ್ತು. ಆಗಲಿಲ್ಲ.

ಇಲ್ಲಿಗೆ ಬಂದು ಗುತ್ತೇದಾರನಿಗೆ ಹೇಳಿದೆ: "ತೊಡಿಗೂ ಬರೋ ಬೆಲ್ಟ್ ತರಸ್ರಿ. ಮಾಡಿನ ಉದ್ದಕ್ಕೂ ಬ್ಯಾರೆ ಕಂಬಕ್ಕ ಉಕ್ಕಿನ ಹಗ್ಗಾ ಬಿಗಸ್ರಿ. ಅಲ್ಲೀತನಕ ನಮ್ಮೋರು ಏರಂಗಿಲ್ಲ." ಅವನು ಕೂಗಾಡಿದ, ಬೇರೆ ಜನ ತರುತ್ತೇನೆ ಎಂದ. ನಾವು ಕೆಳಗೇ ಕೂತೆವು. ಬೇರೆ ಜನವೂ ಬಂದರು, ನಮ್ಮ ಮಾತು ಕೇಳಿ ಅವರೂ ನಮ್ಮ ಪಕ್ಕದಲ್ಲೇ ಕೂತರು. ಕೊನೆಗೆ ತರಿಸಿದ.

ಮೊದಲು ಎಲ್ಲರನ್ನೂ ನೆಲದಿಂದ ಒಂದು ಮೊಳ ಎತ್ತರಕ್ಕೆ ತೂಗುಹಾಕಿದೆ. ನೀನು ಮಾಡಿದ ಹಾಗೆ ಪ್ರತಿ ಬಕಲ್ಲು ಎಳೆದು ನೋಡಿದೆ. ಒರಗಿರಿ ಎಂದರೆ ಒಬ್ಬರಿಗೂ ಬರುವುದಿಲ್ಲ! ನನ್ನ ಹಾಗೇ ಎಲ್ಲರೂ ನಿಂತೇ ಇರುತ್ತಾರೆ. ಕಾಡಪ್ಪ ನನ್ನ ವಯಸ್ಸಿನವನು, ದಿನಕ್ಕೆ ನಾಲ್ಕು ಮಾತಾಡುವವನಲ್ಲ. ಅವನಂತೂ ಬೆಲ್ಟಿನಲ್ಲಿ ಕೂತು ತೊಟ್ಟಿಲ ಕೂಸಿನ ಹಾಗೆ ನಕ್ಕ.

ಮೊನ್ನೆ ಮೇಲಕ್ಕೆ ಏರಿದೆವು. ಮಾಡಿನ ತುದಿಯಲ್ಲಿ ಕಾಡಪ್ಪ ಕೊಕ್ಕೆ ಹಾಕಿ ಎರಡು ಸಲ ಜಗ್ಗಿ ನೋಡಿದ. ಆಮೇಲೆ ಹಿಂದಕ್ಕೆ ಒರಗಿ, ಕೈ ಎರಡೂ ಬಿಟ್ಟು, ತಲೆ ಎತ್ತಿದ.

"ಅಣ್ಣಾ, ಅಕಾ ಅಲ್ಲಿ ಹೊಳೀಲತ್ತದಲ್ಲ, ಏನದು?"

ಕರ್ಹಾ ನದಿ. ದೀಪಾವಳಿಗೆ ಮೊದಲಿನಿಂದ ಅದೇ ಮಾಡಿನ ಮೇಲೆ ಕೆಲಸ ಮಾಡುತ್ತಿದ್ದೇವೆ, ಅಲ್ಲೊಂದು ನದಿ ಇದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರ ಎರಡೂ ದಂಡೆಗೆ ಕಬ್ಬು ಸೂಲಂಗಿ ಹೂ ಬಿಟ್ಟು, ಕಣ್ಣು ಹೋಗುವವರೆಗೆ ಬೆಳ್ಳಗೆ, ಗಾಳಿ ಬೀಸಿದತ್ತ ತೊನೆಯುತ್ತಿತ್ತು. ನೀನು ಬರೆದ ಹಿಮ ಹೀಗೇ ಇರುತ್ತದೇನೋ. ಒಬ್ಬೊಬ್ಬರಾಗಿ ಎಲ್ಲರೂ ಸುತ್ತಿಗೆ, ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟರು. ಒಬ್ಬೊಬ್ಬರಾಗಿ ಒರಗಿದರು. ನಾನು ಮುಕಾದಮ, ಕೆಲಸ ಮಾಡಿ ಎನ್ನಬೇಕು. ನಾನೂ ಒರಗಿದೆ.

ಸದ್ದು ನಿಂತದ್ದು ಕೇಳಿ, ಕೆಳಗೆ ಸಿಮೆಂಟು ಕಲಸುತ್ತಿದ್ದ ಹುಲಿಗೆವ್ವ ಪುಟ್ಟಿ ಚೆಲ್ಲಿ ಹೊರಗೆ ಓಡಿಬಂದಳು. ಕಟ್ಟಡದಲ್ಲಿ ಎಲ್ಲರ ಸದ್ದು ಒಮ್ಮೆಲೇ ನಿಂತರೆ ಯಾರೋ ಬಿದ್ದರೆಂದೇ ಅರ್ಥ. ಎದೆ ಹಿಡಿದುಕೊಂಡು, ಮುಖ ಮೇಲೆ ಮಾಡಿ ಕೂಗಿದಳು:

"ಯಾರಿಗೇನಾತ್ರೆಪಾ? ಯಾಕ ಎಲ್ಲಾರೂ ಸುಮ್ಮಾದ್ರಿ?"

ಕಾಡಪ್ಪನೇ ಉತ್ತರ ಕೊಟ್ಟ.

"ಏನೂ ಆಗಿಲ್ಲ ಬೇ. ನೋಡ್ಲತ್ತೀವಿ."

ನಿನ್ನ ಅಪ್ಪ
ಧರ್ಮಣ್ಣ